‘ಅವರೂ ನಮ್ಮವರೇ’ ಅನ್ನೋ ಸಮರ್ಥನೆ ಯಾಕೆ ಸೋಲುತ್ತದೆ?

ಹೊರ ರಾಜ್ಯದಿಂದಲೋ ಹೊರ ದೇಶದಿಂದಲೋ ಬಂದ ನಟಿಯೊಬ್ಬರು ಇರುವ ಕನ್ನಡ ಚಿತ್ರದ ಟೀಸರ್ ಬಂತು ಅಂದುಕೊಳ್ಳಿ. ಅರ್ಧ ಗಂಟೆಯೊಳಗೆ ಕಾಮೆಂಟ್ ಶುರು. ಮೊದಲು ‘ಕನ್ನಡದಲ್ಲಿ ಯಾರೂ ಸಿಗಲಿಲ್ವಾ?’ ಅನ್ನುವ ಪ್ರಶ್ನೆ. ಅದು ಕೇಳಬಹುದಾದ ಪ್ರಶ್ನೆಯೇ. ಸ್ವಲ್ಪ ಕೆಳಗೆ ಇಳಿದರೆ ಚಿತ್ರದ ಮಾತೇ ಇರುವುದಿಲ್ಲ. ಆಕೆಯ ಊರು, ಮೈಬಣ್ಣ, ಮನೆತನ, ಅವಕಾಶ ಹೇಗೆ ಸಿಕ್ಕಿತು ಅನ್ನುವ ಕೊಳಕು ಊಹೆ, ‘ಗಂಟುಮೂಟೆ ಕಟ್ಟು’ ಅನ್ನುವ ಅಪ್ಪಣೆ. ಸಂಜೆ ಹೊತ್ತಿಗೆ ಆಕೆಯ ಅಭಿಮಾನಿಗಳು ಬರುತ್ತಾರೆ. ಅವರ ಉತ್ತರವೂ ಹೆಚ್ಚುಕಮ್ಮಿ ಒಂದೇ ಥರ. ‘ಮೇಡಂ ಕನ್ನಡ ಕಲೀತಿದ್ದಾರೆ.’ ‘ಆಡಿಯೊ ಲಾಂಚ್‌ನಲ್ಲಿ ಎಲ್ಲರಿಗೂ ನಮಸ್ಕಾರ ಅಂದ್ರು, ನೋಡಿಲ್ವಾ?’ ‘ಬೆಂಗಳೂರಿನ ದೋಸೆ ಅಂದ್ರೆ ಅವರಿಗೆ ಪ್ರಾಣ.’ ‘ಅವರೂ ನಮ್ಮವರೇ.’

ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಮೇಲೆ. ಪ್ರೀತಿಯಿಂದಲೇ ಹೇಳಿದ್ದು, ಅನುಮಾನ ಇಲ್ಲ. ಆದರೆ ಅದು ಬೈದವನು ಇಟ್ಟ ಪರೀಕ್ಷೆಯನ್ನು ಒಪ್ಪಿಕೊಂಡು, ‘ನಮ್ಮ ನಟಿ ಪಾಸಾಗಿದ್ದಾರೆ, ಬೇಕಾದರೆ ಮಾರ್ಕ್ಸ್ ಕಾರ್ಡ್ ನೋಡಿ’ ಅಂದ ಹಾಗೆ. ಪರೀಕ್ಷೆ ಇಡುವ ಅಧಿಕಾರ ಇವನಿಗೆ ಯಾರು ಕೊಟ್ಟರು ಅಂತ ಯಾರೂ ಕೇಳುವುದಿಲ್ಲ. ನಾಳೆ ಆಕೆ ಯಾವುದೋ ಸಂದರ್ಶನದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅದೇ ಅಭಿಮಾನಿಗಳು ತಡವರಿಸುತ್ತಾರೆ. ನಾಡಿದ್ದು ಒಂದಕ್ಷರ ಕನ್ನಡ ಬಾರದ ಇನ್ನೊಬ್ಬರು ಬಂದರೆ, ಅವರನ್ನು ಬೈದಾಗ ಹೇಳಲು ಯಾರ ಹತ್ತಿರವೂ ಮಾತಿರುವುದಿಲ್ಲ. ಸಮರ್ಥನೆ ಒಬ್ಬರನ್ನು ಉಳಿಸಿ, ಬೈಗುಳದ ತರ್ಕವನ್ನು ಹಾಗೇ ಬಿಡುತ್ತದೆ.

ಹಾಗಾದರೆ ಹೊರಗಿನ ಕಲಾವಿದರ ಬಗ್ಗೆ ಏನೂ ಅನ್ನಬಾರದಾ? ಖಂಡಿತ ಅನ್ನಬಹುದು. ಇಲ್ಲಿ ಮೂರು ಬೇರೆ ಬೇರೆ ಜಗಳಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ: ಆಯ್ಕೆ ಮಾಡಿದವರನ್ನು ಪ್ರಶ್ನಿಸುವುದು, ಅಭಿನಯವನ್ನು ಟೀಕಿಸುವುದು, ವ್ಯಕ್ತಿಯನ್ನು ಹೀಯಾಳಿಸುವುದು. ಅವನ್ನು ಬಿಡಿಸಿ ನೋಡಲು 2025ರ ಮೇ ತಿಂಗಳ ಮೈಸೂರು ಸ್ಯಾಂಡಲ್ ಸೋಪಿನ ಗಲಾಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸರ್ಕಾರಿ ಸಂಸ್ಥೆ. ಅದರ ಬೇರು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿದೆ. ಆ ಸಂಸ್ಥೆ ಮುಂಬೈಯ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿತು. ‘ನಮ್ಮ ದುಡ್ಡು, ನಮ್ಮ ಸೋಪು, ನಮ್ಮ ನಟಿಯರು ಯಾಕಾಗಬಾರದು?’ ಅಂತ ಜನ ಕೇಳಿದರು. ಸಚಿವ ಎಂ.ಬಿ. ಪಾಟೀಲರು ಉತ್ತರ ಕೊಟ್ಟರು. ಕರ್ನಾಟಕದ ಹೊರಗೆ ಮಾರುಕಟ್ಟೆ ಹಿಡಿಯಬೇಕು, ಅದಕ್ಕೆ ದೇಶವೆಲ್ಲ ಗೊತ್ತಿರುವ ಮುಖ ಬೇಕು ಅನ್ನುವುದು ಅವರ ವಾದ. ಈ ಪ್ರಶ್ನೆಯೂ ಸರಿ, ಉತ್ತರ ಕೊಟ್ಟಿದ್ದೂ ಸರಿ. ಸರ್ಕಾರಿ ಕಂಪನಿ ಖರ್ಚು ಮಾಡಿದ್ದು ಸಾರ್ವಜನಿಕರ ಹಣ. ಲೆಕ್ಕ ಕೇಳುವುದು ನಾಗರಿಕರ ಕೆಲಸ. ಉತ್ತರ ಒಪ್ಪಿಗೆಯಾಗದಿದ್ದರೆ ಮತ್ತೆ ಕೇಳಬಹುದು.

ಆದರೆ ಅದೇ ವಾರ ನಟಿಯ ಹೆಸರು ಹಿಡಿದು ಬಂದ ಹೀಯಾಳಿಕೆಗೂ ಆ 6.20 ಕೋಟಿಗೂ ಏನು ಸಂಬಂಧ? ಆಕೆ ಒಂದು ಜಾಹೀರಾತಿನ ಕೆಲಸ ಒಪ್ಪಿಕೊಂಡರು, ಅಷ್ಟೆ. ಆಯ್ಕೆ ಮಾಡಿದವರು ಬೇರೆ, ಸಹಿ ಹಾಕಿದವರು ಬೇರೆ. ಸಚಿವರನ್ನು ಬೈದರೆ ತಿರುಗಿ ಉತ್ತರ ಬರುತ್ತದೆ, ಕೆಲವೊಮ್ಮೆ ಕೇಸೂ ಬೀಳುತ್ತದೆ. ನಟಿಯನ್ನು ಬೈದರೆ ಏನೂ ಆಗುವುದಿಲ್ಲ. ಸಿಟ್ಟು ಆ ಕಡೆ ಹರಿಯಲು ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಚಿತ್ರಗಳ ವಿಷಯದಲ್ಲೂ ಹೀಗೇ. ಈಗ ದೊಡ್ಡ ಬಜೆಟ್ಟಿನ ಕನ್ನಡ ಚಿತ್ರ ಒಂದೇ ಭಾಷೆಯಲ್ಲಿ ಬರುವುದು ಅಪರೂಪ. ಹಿಂದಿ, ತೆಲುಗು, ತಮಿಳು, ಮಲಯಾಳಂ ಡಬ್ಬಿಂಗ್ ಹಕ್ಕು, ಒಟಿಟಿ, ಸ್ಯಾಟಲೈಟ್ ಎಲ್ಲ ಸೇರಿ ಲೆಕ್ಕ ಹಾಕುತ್ತಾರೆ. ಆ ಮಾರುಕಟ್ಟೆಗಳಲ್ಲಿ ಗುರುತಿರುವ ಒಂದು ಮುಖ ಬೇಕು ಅಂತ ನಿರ್ಮಾಪಕರ ಆಫೀಸಿನಲ್ಲಿ ತೀರ್ಮಾನವಾಗುತ್ತದೆ. ರಂಗಭೂಮಿಯಿಂದಲೋ ಧಾರಾವಾಹಿಯಿಂದಲೋ ಬಂದ ಇಲ್ಲಿನ ಹುಡುಗಿಗೆ ಅವಕಾಶ ತಪ್ಪಿದರೆ ಅದು ನಿಜವಾದ ನಷ್ಟ. ಅದನ್ನು ಕೇಳಬೇಕಾದದ್ದು ನಿರ್ಮಾಪಕರನ್ನು, ನಿರ್ದೇಶಕರನ್ನು, ಬೇಕಿದ್ದರೆ ಚಲನಚಿತ್ರ ವಾಣಿಜ್ಯ ಮಂಡಳಿಯನ್ನು. ಟೀಸರ್ ಕೆಳಗೆ ನಟಿಯ ಇನ್‌ಸ್ಟಾಗ್ರಾಮ್ ಖಾತೆಯನ್ನು ಟ್ಯಾಗ್ ಮಾಡಿ ಉಗಿದರೆ ಆ ಹುಡುಗಿಗೆ ಪಾತ್ರ ಸಿಗುವುದಿಲ್ಲ.

ಇನ್ನು ಅಭಿನಯದ ಟೀಕೆ. ಇದರಲ್ಲಿ ನಾನು ಅಭಿಮಾನಿಗಳ ಪರ ಅಲ್ಲ. ಹೊರಗಿನ ಕಲಾವಿದರಿಗೆ ಕ್ಯಾಮೆರಾ ಹಿಂದಿನಿಂದ ಸಹಾಯಕ ನಿರ್ದೇಶಕರು ಸಾಲು ಸಾಲಾಗಿ ಸಂಭಾಷಣೆ ಹೇಳಿಕೊಡುತ್ತಾರೆ. ಆಮೇಲೆ ಇಲ್ಲಿನ ಡಬ್ಬಿಂಗ್ ಕಲಾವಿದೆ ದನಿ ಕೊಡುತ್ತಾರೆ. ಅರ್ಥ ಗೊತ್ತಿಲ್ಲದೆ ಹೇಳಿದ ಸಾಲಿನಲ್ಲಿ ಉಸಿರು ಎಲ್ಲೆಲ್ಲೋ ನಿಲ್ಲುತ್ತದೆ. ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ಟಿಕೆಟ್ ಕೊಟ್ಟು ಹೋದ ಪ್ರೇಕ್ಷಕ ಇದನ್ನು ಹೇಳಿದರೆ, ‘ಹೊರಗಿನವರು ಅಂತ ದ್ವೇಷ ಮಾಡ್ತಿದ್ದೀರಿ’ ಅಂತ ಮೇಲೆ ಬೀಳುವ ಅಭಿಮಾನಿಗಳಿದ್ದಾರೆ. ಇದು ತಪ್ಪು ಮಾತ್ರ ಅಲ್ಲ, ನಟಿಗೂ ಕೇಡು. ನಿಜವಾದ ನಿಂದನೆ ಬಂದಾಗ ಇವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವ್ಯತ್ಯಾಸ ಕಂಡುಹಿಡಿಯಲು ನಾನು ಒಂದು ಉಪಾಯ ಇಟ್ಟುಕೊಂಡಿದ್ದೇನೆ. ಕಾಮೆಂಟಿನಿಂದ ಊರು, ಭಾಷೆ, ದೇಶದ ಹೆಸರು ತೆಗೆದು ಓದುವುದು. ‘ಅಳುವ ದೃಶ್ಯದಲ್ಲಿ ಕಣ್ಣಿನಲ್ಲಿ ಏನೂ ಕಾಣಲ್ಲ, ಮಾತಿಗೂ ತುಟಿಗೂ ಕೂಡಲ್ಲ’ ಅನ್ನುವುದರಲ್ಲಿ ತೆಗೆಯಲು ಏನೂ ಇಲ್ಲ. ಅದು ಟೀಕೆ. ‘ಮುಂಬೈಯಿಂದ ಬಂದವಳಿಗೆ ಇನ್ನೇನು ಗೊತ್ತಿರುತ್ತೆ’ ಅನ್ನುವುದರಲ್ಲಿ ಮುಂಬೈ ತೆಗೆದರೆ ಮಾತೇ ಬಿದ್ದುಹೋಗುತ್ತದೆ. ಎಲ್ಲ ಸಂದರ್ಭಕ್ಕೂ ಇದು ಒಗ್ಗುವುದಿಲ್ಲ. ಆದರೆ ಸಾಕಷ್ಟು ಕಸ ಇದರಲ್ಲೇ ಸೋಸಿಹೋಗುತ್ತದೆ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಅದರ ಪ್ರಶ್ನೆಪತ್ರಿಕೆ ಯಾವತ್ತೂ ಒಂದೇ ಇರುವುದಿಲ್ಲ. ಹುಟ್ಟಿದ ಊರು ಅಂತ ಶುರುವಾಗುತ್ತದೆ. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇವತ್ತಿನ ನಕ್ಷೆಯಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಆಗ ಅದು ಮದ್ರಾಸ್ ಪ್ರಾಂತ್ಯ. ಗಡಿಗೆರೆ ಎಳೆದದ್ದು ಆಮೇಲೆ. ಹಾಗಾದರೆ ಹುಟ್ಟಿದ ಊರು ಬೇಡ, ಮನೆಮಾತು ನೋಡೋಣ ಅನ್ನುತ್ತಾರೆ. ಮನೆಮಾತು ಅಂದರೆ ಕೊಂಕಣಿ ಮನೆಯ ಅನಂತ್ ನಾಗ್, ಶಂಕರ್ ನಾಗ್ ಎಲ್ಲಿ ನಿಲ್ಲುತ್ತಾರೆ? ಆಟೋ ಹಿಂದೆ ಇವತ್ತಿಗೂ ಶಂಕರಣ್ಣನ ಫೋಟೋ ಹಾಕಿಕೊಂಡು ತಿರುಗುವ ಊರಿನಲ್ಲಿ ಆ ಪ್ರಶ್ನೆಯನ್ನು ಜೋರಾಗಿ ಕೇಳುವ ಧೈರ್ಯ ಯಾರಿಗೂ ಇಲ್ಲ, ಬಿಡಿ. ಆಗ ‘ಮಾತಾಡಲು ಬಂದರೆ ಸಾಕು’ ಅಂತ ಆಗುತ್ತದೆ. ಮಾತಾಡಿದರೆ ‘ಉಚ್ಚಾರ ಸರಿ ಇಲ್ಲ’. ಉಚ್ಚಾರ ಸರಿಯಾದರೆ ‘ಕಾವೇರಿ ಬಗ್ಗೆ ಯಾಕೆ ಬಾಯಿ ಬಿಟ್ಟಿಲ್ಲ’.

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂತ ತಿಳಿದುಕೊಳ್ಳುವುದು ಬೇಡ. ಬೆಂಗಳೂರಿನಿಂದ ಹೊರಗೆ ಹೋದವರ ಕಥೆ ನೋಡಿ. ಶಿವಾಜಿರಾವ್ ಗಾಯಕ್‌ವಾಡ್ 1950ರಲ್ಲಿ ಇಲ್ಲಿನ ಮರಾಠಿ ಮನೆಯಲ್ಲಿ ಹುಟ್ಟಿದವರು. ಬಿಟಿಎಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. 1975ರಲ್ಲಿ ತಮಿಳು ತೆರೆಗೆ ಬಂದು ರಜನಿಕಾಂತ್ ಆದರು. ತಮಿಳುನಾಡಿನಲ್ಲಿ ಅವರಿಗಿಂತ ದೊಡ್ಡ ಸ್ಟಾರ್ ಯಾರಿದ್ದಾರೆ? ಆದರೂ ರಾಜಕೀಯದ ಮಾತು ಬಂದಾಗಲೆಲ್ಲ ‘ಅವರು ತಮಿಳರಲ್ಲ’ ಅನ್ನುವ ಆಕ್ಷೇಪ ಎದ್ದು ಬರುತ್ತಿತ್ತು. 2017ರ ಮೇ ತಿಂಗಳಲ್ಲಿ ಅಭಿಮಾನಿಗಳ ಎದುರು ನಿಂತು ಅವರು ಲೆಕ್ಕ ಕೊಡಬೇಕಾಯಿತು. ಕರ್ನಾಟಕದಲ್ಲಿ ಇದ್ದದ್ದು 23 ವರ್ಷ, ಮಿಕ್ಕಿದ್ದೆಲ್ಲ ತಮಿಳುನಾಡಿನಲ್ಲಿ, ತಾನು ಅಪ್ಪಟ ತಮಿಳ ಅಂತ. ನಲವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ದುಡಿದ ಮನುಷ್ಯ ಇನ್ನೂ ವರ್ಷ ಎಣಿಸಿ ತೋರಿಸಬೇಕಾ?

ಅದಕ್ಕಿಂತ ಕಷ್ಟದ್ದು 2008. ಹೊಗೇನಕಲ್ ಕುಡಿಯುವ ನೀರಿನ ವಿವಾದದಲ್ಲಿ ಚೆನ್ನೈಯಲ್ಲಿ ಚಿತ್ರರಂಗದವರು ಉಪವಾಸ ಕೂತರು. ರಜನಿ ಅಲ್ಲಿ ಮಾತಾಡಿದ್ದು ಇಲ್ಲಿ ಸಿಟ್ಟು ತರಿಸಿತು. ಅವರ ಚಿತ್ರ ಬಿಡಲ್ಲ ಅಂತ ಇಲ್ಲಿನ ಸಂಘಟನೆಗಳು ಪಟ್ಟು ಹಿಡಿದವು. ಬಿಡುಗಡೆಗೆ ಮುಂಚೆ ಅವರು ವಿಷಾದ ಹೇಳಿದರು. ಇಲ್ಲಿ ಸಮಾಧಾನವಾಯಿತು. ಕೂಡಲೇ ಅಲ್ಲಿ ‘ಕನ್ನಡಿಗರ ಎದುರು ತಲೆ ಬಾಗಿಸಿದರು’ ಅಂತ ಬೈಗುಳ ಶುರುವಾಯಿತು. ಎರಡೂ ಕಡೆಯವರಿಗೆ ಅವರು ತಮ್ಮವರೇ ಆಗಬೇಕಿತ್ತು, ಆದರೆ ಪೂರ್ತಿಯಾಗಿ ಒಂದೇ ಕಡೆಗೆ. ಇಂಥ ಪರೀಕ್ಷೆಯಲ್ಲಿ ವಲಸೆ ಹೋದವನು ಪಾಸಾಗಲು ಸಾಧ್ಯವೇ ಇಲ್ಲ.

ಪ್ರಕಾಶ್ ರಾಜ್ ವಿಷಯ ಇನ್ನೂ ಹತ್ತಿರದ್ದು. ಬೆಂಗಳೂರಿನ ಹುಡುಗ, ರವೀಂದ್ರ ಕಲಾಕ್ಷೇತ್ರದ ಸುತ್ತ ನಾಟಕ ಮಾಡಿಕೊಂಡಿದ್ದವರು. ತಮಿಳಿಗೆ ಹೋದರು, ತೆಲುಗಿಗೆ ಹೋದರು, ರಾಷ್ಟ್ರಪ್ರಶಸ್ತಿ ಗೆದ್ದರು. ಅವರ ತೆಲುಗಿಗೆ ಹೆಸರಿಡುವ ಹಾಗಿರಲಿಲ್ಲ. 2021ರಲ್ಲಿ ಹೈದರಾಬಾದಿನ ತೆಲುಗು ಕಲಾವಿದರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಚುನಾವಣೆ ಪೂರ್ತಿ ‘ಲೋಕಲ್, ನಾನ್ ಲೋಕಲ್’ ಮಾತಿನಲ್ಲೇ ಮುಗಿಯಿತು. ಚಿರಂಜೀವಿಯವರ ತಮ್ಮ ನಾಗಬಾಬು ಬೆಂಬಲಕ್ಕೆ ನಿಂತರು. ಆದರೂ ಅಕ್ಟೋಬರ್ 10ರಂದು ಮಂಚು ವಿಷ್ಣು ಗೆದ್ದರು. ಮಾರನೇ ದಿನ ಪ್ರಕಾಶ್ ರಾಜ್ ಸಂಘದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು.

ಆಗ ಇಲ್ಲಿ ಎಷ್ಟೋ ಜನಕ್ಕೆ ಬೇಜಾರಾಗಿತ್ತು. ಅವರ ರಾಜಕೀಯ ಒಪ್ಪದವರೂ ‘ಇದು ಅನ್ಯಾಯ’ ಅಂದಿದ್ದರು. ಅದೇ ಬಾಯಿಗಳು ಇಲ್ಲಿಗೆ ಬಂದವರ ವಿಷಯದಲ್ಲಿ ಹೈದರಾಬಾದಿನ ಮಾತನ್ನೇ ಕನ್ನಡದಲ್ಲಿ ಆಡುತ್ತವೆ. ನಮ್ಮವನು ಅಲ್ಲಿ ಹೋಗಿ ಗೆದ್ದರೆ ಪ್ರತಿಭೆ, ಅವರು ಇಲ್ಲಿ ಬಂದು ಗೆದ್ದರೆ ಆಕ್ರಮಣ! ಇಲ್ಲಿಂದ ಹೋದವರನ್ನಾದರೂ ಸುಮ್ಮನೆ ಬಿಡುತ್ತೇವಾ ಅಂದರೆ ಅದೂ ಇಲ್ಲ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರಲ್ಲಿ ಕನ್ನಡದಲ್ಲೇ ಶುರು ಮಾಡಿ ತೆಲುಗು, ಹಿಂದಿಗೆ ಹೋದರು. ಅವತ್ತಿನಿಂದ ‘ಕೃತಘ್ನೆ’ ಅನ್ನುವ ಹಣೆಪಟ್ಟಿ. 2025ರ ಮಾರ್ಚಿನಲ್ಲಿ ಶಾಸಕರೊಬ್ಬರು ಆಕೆಗೆ ಪಾಠ ಕಲಿಸುವ ಮಾತಾಡಿದ್ದೂ ಆಯಿತು. ಬಂದವರೂ ತಪ್ಪು, ಹೋದವರೂ ತಪ್ಪು.

ಕನ್ನಡ ಚಿತ್ರರಂಗ ಹುಟ್ಟಿದ್ದೇ ಹೇಗೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ದುಡ್ಡು ಹಾಕಿದವರು ಮಾರ್ವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕ ವೈ.ವಿ. ರಾವ್ ನೆಲ್ಲೂರಿನ ತೆಲುಗಿನವರು. ಚಿತ್ರೀಕರಣ ಕೊಲ್ಹಾಪುರದಲ್ಲಿ. ರಾಜ್‌ಕುಮಾರ್ ಅವರಿಗೆ ಎಷ್ಟೋ ವರ್ಷ ಹಾಡಿನ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ಗುಂಟೂರು ಸೀಮೆಯವರು. 1987ರಲ್ಲಿ ‘ಪ್ರೇಮಲೋಕ’ ನೋಡಲು ಮುಗಿಬಿದ್ದವರು ಜೂಹಿ ಚಾವ್ಲಾ ಯಾವ ಊರಿನವರು ಅಂತ ವಿಚಾರಿಸಿ ಟಿಕೆಟ್ ತಗೊಂಡಿರಲಿಲ್ಲ.

ಈ ಪಟ್ಟಿಯನ್ನು ಅಭಿಮಾನಿಗಳು ಚೆನ್ನಾಗಿ ಬಳಸುತ್ತಾರೆ. ಬೈಯುವವರು ಇನ್ನೂ ಚೆನ್ನಾಗಿ ಬಳಸುತ್ತಾರೆ. ‘ಎಸ್‌ಪಿಬಿ ನೋಡಿ ಕಲೀರಿ’ ಅನ್ನುವ ಮಾತು ಎಷ್ಟು ಸಲ ಕೇಳಿಲ್ಲ? ಎಸ್‌ಪಿಬಿ ತೆಲುಗು ಮನೆಯಲ್ಲಿ ಹುಟ್ಟಿದವರು. ಕನ್ನಡವನ್ನು ಅಕ್ಷರ ಅಕ್ಷರ ಸವಿದು ಹಾಡಿದವರು. ಅವರ ಬಗ್ಗೆ ಪ್ರೀತಿ ಇರಬೇಕಾದದ್ದೇ. ಆದರೆ ಅವರನ್ನು ಕೋಲಾಗಿ ಹಿಡಿದು ಇಪ್ಪತ್ತೆರಡು ವರ್ಷದ ಹೊಸ ನಟಿಯನ್ನು ಹೊಡೆಯುವುದು ಎಸ್‌ಪಿಬಿಗೂ ಮರ್ಯಾದೆ ಅಲ್ಲ. ಸಾವಿರಾರು ಹಾಡು ಹಾಡಿ, ದಶಕಗಟ್ಟಲೆ ಇಲ್ಲಿ ಬಂದು ಹೋಗಿ ಮಾಡಿದವರ ಅಳತೆಯನ್ನು ಮೊದಲ ಚಿತ್ರಕ್ಕೆ ಬಂದವರ ಮೇಲೆ ಇಟ್ಟರೆ ಯಾರು ತಾನೇ ನಿಲ್ಲುತ್ತಾರೆ? ಇಲ್ಲಿ ಹುಟ್ಟಿ ಬೆಳೆದ ನಟರಲ್ಲೇ ಎಷ್ಟು ಜನಕ್ಕೆ ಒಂದು ಪುಟ ಕನ್ನಡ ತಪ್ಪಿಲ್ಲದೆ ಓದಲು ಬರುತ್ತದೆ ಅನ್ನುವುದು ಬೇರೆ ಮಾತು. ಅವರಿಗೆ ಯಾರೂ ಪರೀಕ್ಷೆ ಇಡುವುದಿಲ್ಲ.

ದೇಶ ಬಿಟ್ಟು ದೇಶಕ್ಕೆ ಹೋದವರ ವಿಷಯದಲ್ಲಿ ಅಭಿಮಾನಿಗಳು ಏನು ಮಾಡಿದರು ಅಂತ ನೋಡಿದರೆ ಕಲಿಯಲು ಸಿಗುತ್ತದೆ. ಇಮಾನ್ ವೆಲ್ಲಾನಿ ಕರಾಚಿಯಲ್ಲಿ ಹುಟ್ಟಿದವರು. ಒಂದು ವರ್ಷದ ಮಗುವಾಗಿದ್ದಾಗ ಮನೆಯವರು ಕೆನಡಾಕ್ಕೆ ವಲಸೆ ಹೋದರು. 2022ರ ಜೂನ್‌ನಲ್ಲಿ, ಕಾಮಿಕ್ಸ್ ಆಧರಿಸಿದ ‘ಮಿಸ್ ಮಾರ್ವೆಲ್’ ಸರಣಿಯಲ್ಲಿ ಮುಖ್ಯ ಪಾತ್ರ ಮಾಡಿದರು. ಮೊದಲ ಕಂತು ಬಂದ ತಕ್ಷಣ, ಪ್ರೇಕ್ಷಕರು ರೇಟಿಂಗ್ ಕೊಡುವ ಐಎಂಡಿಬಿ ತಾಣದಲ್ಲಿ ಒಂದು ನಕ್ಷತ್ರದ ವೋಟುಗಳು ರಾಶಿ ಬಿದ್ದವು. ವಿಮರ್ಶಕರು ಮಾತ್ರ ಸರಣಿಯನ್ನು ಮೆಚ್ಚಿಕೊಂಡಿದ್ದರು. ಎರಡರ ನಡುವಿನ ಅಂತರ ನೋಡಿದರೇ ಆ ವೋಟುಗಳಿಗೆ ಕಾರಣ ಅಭಿನಯ ಅಲ್ಲ ಅಂತ ಗೊತ್ತಾಗುತ್ತಿತ್ತು.

ಅಲ್ಲಿನ ಅಭಿಮಾನಿಗಳಿಗೆ ಒಂದು ಅನುಕೂಲ ಇತ್ತು. ವೆಲ್ಲಾನಿ ಸ್ವತಃ ಆ ಕಾಮಿಕ್ಸಿನ ಹುಚ್ಚು ಅಭಿಮಾನಿ. ಸ್ಟುಡಿಯೊದ ಯಜಮಾನರ ಜತೆಗೇ ಕಾಮಿಕ್ಸಿನ ಸಣ್ಣ ವಿವರದ ಬಗ್ಗೆ ವಾದಕ್ಕೆ ಇಳಿಯುವವರು. 2023ರಲ್ಲಿ ಅದೇ ಪಾತ್ರದ ಕಾಮಿಕ್ಸ್ ಬರೆಯಲೂ ಕೈ ಹಾಕಿದರು. ಹಾಗಾಗಿ ‘ಈಕೆ ಎಲ್ಲಿಂದ ಬಂದವಳು’ ಅನ್ನುವ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೇ ಹೋಗದೆ, ಆಕೆ ಪಾತ್ರವನ್ನು ಎಷ್ಟು ಬಲ್ಲಳು ಅನ್ನುವುದನ್ನೇ ಮಾತಾಡಿದ ಅಭಿಮಾನಿಗಳಿದ್ದರು. ದೃಶ್ಯಗಳನ್ನು ತೆಗೆದು ತೆಗೆದು ಹಂಚಿಕೊಂಡರು. ನನಗೆ ಇಷ್ಟವಾಗುವುದು ಈ ದಾರಿ. ಕೆಲಸವನ್ನು ಮುಂದಿಟ್ಟು ಮಾತಾಡಿದರೆ ಬೈದವನ ಅಂಗಳದಲ್ಲಿ ಆಟ ಆಡುವ ಅಗತ್ಯ ಬೀಳುವುದಿಲ್ಲ.

ಆದರೆ ಎಲ್ಲ ಸಲ ಹೀಗೆ ಮುಗಿಯುವುದಿಲ್ಲ. ಕೆಲ್ಲಿ ಮೇರಿ ಟ್ರಾನ್ ಅವರ ಅಪ್ಪ ಅಮ್ಮ ವಿಯೆಟ್ನಾಮ್ ಯುದ್ಧದ ನಿರಾಶ್ರಿತರು. ಆಕೆ ಹುಟ್ಟಿದ್ದು ಅಮೆರಿಕದಲ್ಲೇ. 2017ರ ಸ್ಟಾರ್ ವಾರ್ಸ್ ಚಿತ್ರದಲ್ಲಿ ರೋಸ್ ಅನ್ನುವ ಪಾತ್ರ ಮಾಡಿದ್ದಕ್ಕೆ ತಿಂಗಳುಗಟ್ಟಲೆ ಜನಾಂಗದ ಹೆಸರಿನಲ್ಲಿ ಬೈಗುಳ ತಿಂದರು. 2018ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಮ್ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಅದೇ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಬಗ್ಗೆ ಲೇಖನ ಬರೆದರು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ರೋಸ್ ಚಿತ್ರಗಳನ್ನು ಬರೆದು ಹಂಚಿದರು. ಸ್ಯಾನ್ ಡಿಯಾಗೊದ ಕಾಮಿಕ್ ಕಾನ್ ಅನ್ನುವ ಅಭಿಮಾನಿಗಳ ಸಮಾವೇಶಕ್ಕೆ ರೋಸ್ ವೇಷ ಹಾಕಿಕೊಂಡು ಹೋದರು. ಇಷ್ಟೆಲ್ಲ ಆದ ಮೇಲೂ 2019ರ ಮುಂದಿನ ಚಿತ್ರದಲ್ಲಿ ಆಕೆ ತೆರೆಯ ಮೇಲೆ ಇದ್ದದ್ದು ಸುಮಾರು ಒಂದೂಕಾಲು ನಿಮಿಷ. ತೀರಿಹೋಗಿದ್ದ ಕ್ಯಾರಿ ಫಿಶರ್ ಅವರ ಹಳೆಯ ದೃಶ್ಯಗಳ ಜತೆ ರೋಸ್ ದೃಶ್ಯಗಳನ್ನು ಹೆಣೆದಿದ್ದೆವು, ಅವು ಸರಿ ಹೊಂದಲಿಲ್ಲ ಅಂತ ಚಿತ್ರಕಥೆ ಬರೆದವರು ವಿವರಣೆ ಕೊಟ್ಟರು. ಅಭಿಮಾನಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ಕಾರಣ ಏನೇ ಇರಲಿ, ಬೈದವರು ತಾವು ಗೆದ್ದೆವು ಅಂತಲೇ ಭಾವಿಸಿದರು. ಅಭಿಮಾನಿಗಳು ನಟಿಯ ಜತೆ ಮಾತಾಡುತ್ತಿದ್ದರು, ಬೈದವರ ಜತೆ ಜಗಳ ಆಡುತ್ತಿದ್ದರು. ತೀರ್ಮಾನ ಮಾಡುವವರು ಸ್ಟುಡಿಯೊದಲ್ಲಿದ್ದರು.

ಗಾಂಧಿನಗರಕ್ಕೂ ಇದು ಅನ್ವಯಿಸುತ್ತದೆ. ‘ಸುಮ್ನೆ ಯಾಕೆ ತಲೆನೋವು, ಬೇರೆಯವರನ್ನ ಹಾಕೋಣ’ ಅಂತ ನಿರ್ಮಾಪಕರು ಅಂದುಕೊಂಡರೆ ಸಾಕು, ಯಾರಿಗೂ ಗೊತ್ತಾಗದ ಹಾಗೆ ಒಂದು ಅವಕಾಶ ಹೋಗಿರುತ್ತದೆ. ಅಭಿಮಾನಿಗಳ ಕೂಗು ನಿಜಕ್ಕೂ ಮುಟ್ಟಬೇಕಾದ ಕಿವಿ ಅದು. ಚಿತ್ರತಂಡ ತನ್ನ ಕಲಾವಿದೆಯ ಪರ ಒಂದು ಸಾಲಾದರೂ ಬರೆಯಿತಾ? ನಾಯಕನಟ ಬಾಯಿ ಬಿಟ್ಟರಾ? ಹೀರೋ ಒಂದು ಪೋಸ್ಟ್ ಹಾಕಿದರೆ ಅರ್ಧ ಗಲಾಟೆ ಅಲ್ಲಿಗೇ ತಣ್ಣಗಾಗುತ್ತದೆ. ಯಾಕೆಂದರೆ ಬೈಯುವವರಲ್ಲಿ ತುಂಬ ಜನ ಆತನ ಅಭಿಮಾನಿಗಳೇ. ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವುದು ಬಹಳ ಕಡಿಮೆ.

ಜಗಳ ಆಡುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ದುಡ್ಡಿನ ಲೆಕ್ಕವೂ ಇದೆ. 2023ರ ಜುಲೈನಲ್ಲಿ ಎಕ್ಸ್ (ಹಿಂದಿನ ಟ್ವಿಟರ್), ಪೋಸ್ಟಿನ ಕೆಳಗಿನ ಉತ್ತರಗಳ ನಡುವೆ ಬರುವ ಜಾಹೀರಾತಿನ ಆದಾಯದಲ್ಲಿ ಖಾತೆದಾರರಿಗೆ ಪಾಲು ಕೊಡಲು ಶುರು ಮಾಡಿತು. 2024ರ ಕೊನೆಯಲ್ಲಿ ಲೆಕ್ಕ ಬದಲಾಯಿಸಿ, ದುಡ್ಡು ಕೊಟ್ಟ ಬಳಕೆದಾರರು ಎಷ್ಟು ಲೈಕ್, ಉತ್ತರ ಕೊಟ್ಟರು ಅನ್ನುವುದನ್ನು ಆಧಾರ ಮಾಡಿಕೊಂಡಿತು. ಎರಡು ಲೆಕ್ಕದಲ್ಲೂ ಸಿಟ್ಟು ಬರಿಸಿದವನಿಗೆ ಲಾಭ. ‘ಈ ಅಯೋಗ್ಯ ಏನು ಬರೆದಿದ್ದಾನೆ ನೋಡಿ’ ಅಂತ ಅಭಿಮಾನಿಯೊಬ್ಬರು ಕೋಟ್ ಮಾಡಿದರೆ, ನಲವತ್ತು ಜನ ನೋಡಿದ್ದ ಬೈಗುಳವನ್ನು ನಲವತ್ತು ಸಾವಿರ ಜನ ನೋಡುವ ಹಾಗಾಗಬಹುದು. ಟ್ರೋಲ್ ಪೇಜ್ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. ಅವರಲ್ಲಿ ಎಷ್ಟೋ ಜನಕ್ಕೆ ಆ ನಟಿಯ ಮೇಲೆ ದ್ವೇಷವೂ ಇರುವುದಿಲ್ಲ, ಕನ್ನಡದ ಮೇಲೆ ಅಂಥ ಪ್ರೀತಿಯೂ ಇರುವುದಿಲ್ಲ. ಕಾಮೆಂಟ್ ಬಂದರೆ ಸಾಕು.

ರೇಟಿಂಗ್ ತಾಣಗಳು ತಡವಾಗಿಯಾದರೂ ಎಚ್ಚೆತ್ತಿವೆ. ರಾಟನ್ ಟೊಮೇಟೋಸ್ 2019ರಲ್ಲಿ ಚಿತ್ರ ಬಿಡುಗಡೆಗೆ ಮೊದಲೇ ಬರುವ ಪ್ರೇಕ್ಷಕರ ಕಾಮೆಂಟ್ ನಿಲ್ಲಿಸಿತು. ಟಿಕೆಟ್ ಕೊಂಡಿದ್ದು ಖಾತ್ರಿಯಾದವರ ರೇಟಿಂಗನ್ನು ಬೇರೆ ತೋರಿಸಲು ಶುರು ಮಾಡಿತು. ನೋಡದೆ ಬೈಯುವವರನ್ನು ಸೋಸಲು ಇದಕ್ಕಿಂತ ಸರಳ ದಾರಿ ಇಲ್ಲ.

ಇನ್ನೊಂದು ಕಹಿ ಮಾತು. ಅಭಿಮಾನಿಗಳ ‘ರಕ್ಷಣೆ’ ಅನ್ನುವುದೇ ದಾಳಿಯಾಗುವುದು ಕನ್ನಡಕ್ಕೆ ಹೊಸದಲ್ಲ. 2025ರ ಜುಲೈನಲ್ಲಿ ರಮ್ಯಾ ಅವರು ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಡಿದ ಮಾತಿನ ಬಗ್ಗೆ ಪೋಸ್ಟ್ ಹಾಕಿದರು. ಆ ಪ್ರಕರಣದ ಆರೋಪಿ ನಟನ ಅಭಿಮಾನಿಗಳು ಅಂತ ಹೇಳಿಕೊಂಡವರು ಅಶ್ಲೀಲ ಸಂದೇಶ, ಬೆದರಿಕೆ ಕಳಿಸಿದರು. ರಮ್ಯಾ 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಬಂಧನಗಳಾದವು. ಆಕೆ ಹೊರಗಿನವರೂ ಅಲ್ಲ, ಹೊಸಬರೂ ಅಲ್ಲ. ಬೈದವರ ಲೆಕ್ಕದಲ್ಲಿ ಅವರು ಮಾಡುತ್ತಿದ್ದದ್ದು ತಮ್ಮ ‘ಬಾಸ್’ ಸಮರ್ಥನೆ. ಹೊರಗಿನ ನಟಿಯ ಪರ ನಿಲ್ಲುವವರೂ ಇದೇ ಜಾಡಿಗೆ ಬೀಳುವುದನ್ನು ಕಂಡಿದ್ದೇವೆ. ಟೀಕೆ ಮಾಡಿದ ಹುಡುಗಿಯ ಫೋಟೋ ಹುಡುಕಿ ಹಾಕುವುದು, ಕೆಲಸ ಮಾಡುವ ಕಂಪನಿಗೆ ಟ್ಯಾಗ್ ಮಾಡುವುದು, ಗುಂಪು ಕಟ್ಟಿ ರಿಪೋರ್ಟ್ ಹೊಡೆಯುವುದು. ಇದರ ಹೊಣೆ ಕೊನೆಗೆ ಬಂದು ಕೂರುವುದು ಆ ನಟಿಯ ತಲೆ ಮೇಲೆ. ‘ನೋಡಿ, ಇವಳ ಕಡೆಯವರು ನಮ್ಮೂರಲ್ಲಿ ನಮ್ಮನ್ನೇ ಬೈತಾರೆ!’

ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮರೆತರೂ ವಿಶ್ಲೇಷಣೆ ಅರ್ಧವಾಗುತ್ತದೆ. 2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಅಂಗಡಿ ಬೋರ್ಡಿನಲ್ಲಿ ಕನ್ನಡಕ್ಕೆ ಶೇಕಡ 60 ಜಾಗ ಕೊಡಿ ಅಂತ 2023ರ ಡಿಸೆಂಬರ್‌ನಲ್ಲಿ ಬೀದಿಗೆ ಇಳಿಯಬೇಕಾಯಿತು. ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಯನ್ನು 2024ರ ಜುಲೈನಲ್ಲಿ ಸಂಪುಟ ಒಪ್ಪಿತು, ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಬ್ಯಾಂಕಿನಲ್ಲಿ, ಅಪಾರ್ಟ್‌ಮೆಂಟ್ ಗೇಟಿನಲ್ಲಿ, ಕ್ಯಾಬಿನಲ್ಲಿ ಕನ್ನಡದಲ್ಲಿ ಮಾತಾಡಿದ್ದಕ್ಕೆ ಮುಖ ಸಿಂಡರಿಸುವವರನ್ನು ದಿನಾ ನೋಡುವ ಮನುಷ್ಯನಿಗೆ ಸಿಟ್ಟು ಇರುತ್ತದೆ. ಅದು ಹುಸಿ ಸಿಟ್ಟಲ್ಲ. ಬ್ಯಾಂಕಿನ ಹೆಡ್ ಆಫೀಸಿಗೆ ಅದನ್ನು ಹೇಳಲು ದಾರಿ ಕಾಣದಾಗ, ಪೋಸ್ಟರಿನಲ್ಲಿ ನಗುತ್ತಿರುವ ಮುಖ ಕೈಗೆ ಸಿಗುತ್ತದೆ. ಅಭಿಮಾನಿಗಳು ‘ನೀವೆಲ್ಲ ಭಾಷಾಂಧರು’ ಅಂತ ಒಂದೇ ಏಟಿಗೆ ಬೈದರೆ ಈ ಮನುಷ್ಯನನ್ನೂ ದುಡ್ಡಿಗೆ ಟ್ರೋಲ್ ಮಾಡುವವನನ್ನೂ ಒಂದೇ ಕಡೆ ನಿಲ್ಲಿಸಿದ ಹಾಗಾಗುತ್ತದೆ. ಸಿಟ್ಟು ಬಂದವನ ಜತೆ ಮಾತು ಸಾಧ್ಯ, ದುಡ್ಡಿಗೆ ಬೈಯುವವನ ಜತೆ ಇಲ್ಲ.

ಕಾನೂನು ಏನು ಮಾಡುತ್ತದೆ? ಬರೀ ಕೆರಳಿಸುವ ಮಾತಿಗೆ ಹಿಂದೆ ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಒಳ್ಳೆಯದೇ ಆಯಿತು. ಇಲ್ಲದಿದ್ದರೆ ‘ಅಭಿನಯ ಸಪ್ಪೆ’ ಅಂದವರ ಮೇಲೂ ಕೇಸು ಬೀಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಿಂಬಾಲಿಸಿ ಕಾಡುವುದಕ್ಕೆ 78, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79, ಬೆದರಿಕೆಗೆ 351ನೇ ಕಲಮುಗಳಿವೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದರ ಬಗ್ಗೆ ಇರುವ 196ನೇ ಕಲಮು ಧರ್ಮ, ಜನಾಂಗದ ಜತೆ ಹುಟ್ಟಿದ ಜಾಗ, ವಾಸ, ಭಾಷೆಯನ್ನೂ ಹೆಸರಿಸುತ್ತದೆ. ಆದರೆ ಒಬ್ಬ ನಟಿಯನ್ನು ‘ನಿಮ್ಮೂರಿಗೆ ಹೋಗು’ ಅಂದ ಮಾತ್ರಕ್ಕೆ ಅದು ತಾನಾಗಿ ಅನ್ವಯಿಸುವುದಿಲ್ಲ. ಬೈಗುಳದ ಬಹುಪಾಲು ಕಾನೂನಿನ ಗೆರೆಯ ಈಚೆಗೇ ಉಳಿಯುತ್ತದೆ. ಅಶ್ಲೀಲ, ಬೆದರಿಕೆ, ತಿರುಚಿದ ಫೋಟೋ ಇಂಥವು ಗೆರೆ ದಾಟುತ್ತವೆ.

ಗೆರೆ ದಾಟಿದ್ದು ಕಂಡರೆ ಅಭಿಮಾನಿ ಪೇಜ್ ನಡೆಸುವವರು ಮಾಡಬಹುದಾದ ಕೆಲಸ ಸಣ್ಣದು, ಆದರೆ ಉಪಯೋಗದ್ದು. ಅದನ್ನು ಕೋಟ್ ಮಾಡದೆ, ಹಂಚದೆ, ಪೋಸ್ಟಿನ ಪೂರ್ತಿ ಲಿಂಕ್, ಖಾತೆಯ ಹೆಸರು, ತಾರೀಕು, ಸಮಯ ಕಾಣುವ ಸ್ಕ್ರೀನ್‌ಶಾಟ್ ತೆಗೆದಿಟ್ಟು ಕಲಾವಿದರ ತಂಡಕ್ಕೆ ನೇರವಾಗಿ ಕಳಿಸುವುದು. ಖಾತೆಯ ಹೆಸರು ಆಮೇಲೆ ಬದಲಾಗಬಹುದು, ಪೋಸ್ಟ್ ಅಳಿಸಿ ಹೋಗಬಹುದು. ದೂರು ಕೊಡಬೇಕೋ ಬೇಡವೋ ಅನ್ನುವುದು ಕಲಾವಿದರ ತೀರ್ಮಾನ, ಅದನ್ನು ಅಭಿಮಾನಿಗಳು ಅವರ ಪರವಾಗಿ ತೆಗೆದುಕೊಳ್ಳಬಾರದು. ಕೊಡುವುದಾದರೆ ನಗರದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಆ್ಯಪ್ ಕಂಪನಿಗಳ ದೂರು ಅಧಿಕಾರಿಗಳಿದ್ದಾರೆ. ಅವರು ಕೇಳಿಸಿಕೊಳ್ಳದಿದ್ದರೆ 2023ರಿಂದ ಕೇಂದ್ರದ ಮೇಲ್ಮನವಿ ಸಮಿತಿಯೂ ಇದೆ. ಉಳಿದ ಸಮಯದಲ್ಲಿ ಪೇಜ್‌ನಲ್ಲಿ ಚಿತ್ರದ ಬಗ್ಗೆಯೇ ಬರೆಯಬಹುದು. ಯಾವ ದೃಶ್ಯ ಚೆನ್ನಾಗಿತ್ತು, ಯಾವುದು ಸಪ್ಪೆ ಆಯಿತು, ಡಬ್ಬಿಂಗ್ ಮಾಡಿದವರು ಯಾರು ಅನ್ನುವುದೆಲ್ಲ ಸೇರಿ.